ಹತ್ತಿಗೂ ನಮಗೂ ಇರುವ ನಂಟು: ಸೆರಮೈಡಿಗೆ ಮೊದಲ ಸಕ್ಕರೆ ತೊಡಿಸುವ ಕಿಣ್ವ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಜೀವರಸಾಯನ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ತರಗತಿಯ ವಿಚಾರಗೋಷ್ಠಿಯಲ್ಲಿ ಗ್ಲುಕೋಸಿಲ್‌ಸೆರಮೈಡ್ ಸಿಂಥೇಸ್ ಎಂಬ ಕಿಣ್ವದ ಜೀನ್ ಕ್ಲೋನಿಂಗ್ ಬಗ್ಗೆ ಮಾತನಾಡಬೇಕಾಗಿದೆ. "ಈ ಕಿಣ್ವ ಮನುಷ್ಯ, ಹತ್ತಿ, ಶಿಲೀಂಧ್ರ ಎಲ್ಲದರಲ್ಲೂ ಒಂದೇ. ಇದಿಲ್ಲದೆ ಜೀವಕೋಶ ಬದುಕಲಾರದು, ಆದ್ದರಿಂದಲೇ ವಿಕಾಸದಲ್ಲಿ ಉಳಿದುಬಂದಿದೆ" ಎಂದು ಟಿಪ್ಪಣಿ ಬರೆದುಕೊಂಡಿದ್ದೇನೆ. ನಮ್ಮ ತಂದೆ ಜಗಳೂರು ತಾಲ್ಲೂಕಿನಲ್ಲಿ ಹತ್ತಿ ಬೆಳೆಯುತ್ತಾರೆ. ಊರಿಗೆ ಹೋದಾಗ ಅವರಿಗೆ ಇದನ್ನು ವಿವರಿಸಿದೆ. "ಹತ್ತಿಯಲ್ಲಿರುವುದೂ ನನ್ನಲ್ಲಿರುವುದೂ ಒಂದೇ ಎಂದು ನೋಡಿದವರು ಯಾರು? ಹೇಗೆ ನೋಡಿದರು?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಕಣ್ಣಿಗೆ ಕಾಣದ ಜೀನನ್ನು ಹೇಗೆ ಹಿಡಿದರು? "ಸಂರಕ್ಷಿತ" ಎನ್ನಲು ಆಧಾರವೇನು? ಇದರಿಂದ ರೋಗಿಗಾಗಲಿ ರೈತನಿಗಾಗಲಿ ಏನಾದರೂ ಆಗಿದೆಯೇ?

ಉತ್ತರ: ನಿಮ್ಮ ತಂದೆಯವರು ಕೇಳಿದ್ದು ಈ ವಿಷಯದ ಮೂಲ ಪ್ರಶ್ನೆ. ಜೀನುಗಳ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ಕಂಪ್ಯೂಟರಿನಲ್ಲಿ ಹೋಲಿಸಿ "ಒಂದೇ" ಎಂದುಬಿಡುವುದು ಇಂದು ಸುಲಭ. ನೋಡಿದವರು ಯಾರು ಎಂದು ಕೇಳುವವರು ಕಡಿಮೆ. ಈ ಕಿಣ್ವದ ವಿಷಯದಲ್ಲಿ ನಿಜವಾಗಿಯೂ ನೋಡಿದವರಿದ್ದಾರೆ, ಅದೂ ಹತ್ತಿಯ ಜೀನನ್ನೇ ತೆಗೆದುಕೊಂಡು. ಆ ಕಥೆಗೆ ಬರುವ ಮೊದಲು ನಿಮ್ಮ ಟಿಪ್ಪಣಿಯ ಎರಡು ಮಾತುಗಳನ್ನು ತಿದ್ದಬೇಕಾಗುತ್ತದೆ. ಹತ್ತಿಯ ಕಿಣ್ವವೂ ಮನುಷ್ಯನ ಕಿಣ್ವವೂ "ಒಂದೇ" ಎನ್ನುವುದು ಪೂರ್ತಿ ಸರಿಯಲ್ಲ. "ಇದಿಲ್ಲದೆ ಜೀವಕೋಶ ಬದುಕಲಾರದು" ಎನ್ನುವುದಂತೂ ತಪ್ಪು. ಆ ತಪ್ಪು ಎಲ್ಲಿದೆ ಎಂದು ತಿಳಿದರೆ ನಿಮ್ಮ ಪ್ರಬಂಧಕ್ಕೆ ಬೆನ್ನೆಲುಬು ಸಿಕ್ಕಂತೆ.

ಮೊದಲು ಕಿಣ್ವದ ಕೆಲಸವನ್ನು ನೋಡೋಣ. ಜೀವಕೋಶದ ಪೊರೆಯಲ್ಲಿ ಸೆರಮೈಡ್ ಎಂಬ ಕೊಬ್ಬಿದೆ. ಅದಕ್ಕೆ ಎರಡು ಉದ್ದನೆಯ ಬಾಲಗಳು, ತಲೆ ಮಾತ್ರ ಬೋಳು. ಯುಡಿಪಿ-ಗ್ಲುಕೋಸ್ ಎಂಬ ಅಣುವಿನಿಂದ ಒಂದು ಗ್ಲುಕೋಸನ್ನು ಬಿಡಿಸಿ ಆ ಬೋಳು ತಲೆಗೆ ತೊಡಿಸುವುದು ನಮ್ಮ ಕಿಣ್ವದ ಕೆಲಸ. ಅಷ್ಟೇ, ಇನ್ನೇನೂ ಇಲ್ಲ. ಆದರೆ ಅದರ ಮೇಲೆ ಬೇರೆ ಕಿಣ್ವಗಳು ಒಂದೊಂದೇ ಸಕ್ಕರೆ ಪೋಣಿಸುತ್ತ ಹೋಗುತ್ತವೆ. ಗ್ಯಾಲಕ್ಟೋಸ್ ಸೇರಿದರೆ ಲ್ಯಾಕ್ಟೋಸಿಲ್‌ಸೆರಮೈಡ್, ಅದರ ಮೇಲೆ ಸಯಾಲಿಕ್ ಆಮ್ಲ ಎಂಬ ಇನ್ನೊಂದು ಸಕ್ಕರೆ ಸೇರಿದರೆ ಜಿಎಂ3 ಎಂಬ ಕೊಬ್ಬು. ಹೀಗೆ ಗ್ಲುಕೋಸಿಲ್‌ಸೆರಮೈಡಿನ ಬುಡದಿಂದ ಟಿಸಿಲೊಡೆದ ಗ್ಲೈಕೊಲಿಪಿಡ್‌ಗಳು (ಸಕ್ಕರೆ ತೊಟ್ಟ ಕೊಬ್ಬುಗಳು) 300ಕ್ಕೂ ಹೆಚ್ಚು. ಇವು ಕೋಶದ ಹೊರಮೈಯಲ್ಲಿ ನಿಂತು, ಪಕ್ಕದ ಕೋಶ ಯಾವುದು, ಬಂದದ್ದು ಯಾವ ವಿಷ, ಅಂಟಿಕೊಂಡದ್ದು ಯಾವ ವೈರಸ್ ಎಂಬ ವ್ಯವಹಾರಗಳಲ್ಲಿ ಪಾಲುಗೊಳ್ಳುತ್ತವೆ. ಬುಡದ ಆ ಒಂದು ಗ್ಲುಕೋಸ್ ಕೂರದಿದ್ದರೆ ಮೇಲಿನ 300ರಲ್ಲಿ ಒಂದೂ ಇಲ್ಲ.

ಕೆಲಸ ನಡೆಯುವ ಜಾಗವನ್ನೂ ಗಮನಿಸಿ. ಕೋಶದೊಳಗಿನ ಗಾಲ್ಗಿ ಎಂಬ ಚೀಲಗಳ ಪೊರೆಯಲ್ಲಿ ಈ ಕಿಣ್ವ ನೆಟ್ಟಿರುತ್ತದೆ, ಅದರ ಕೈ ಮಾತ್ರ ಚೀಲದ ಹೊರಬದಿಗೆ, ಕೋಶದ್ರವದ ಕಡೆಗೆ ಚಾಚಿರುತ್ತದೆ. ಲ್ಯಾಕ್ಟೋಸಿಲ್‌ಸೆರಮೈಡ್ ಮಾಡುವ ಮುಂದಿನ ಕಿಣ್ವ ಇರುವುದು ಚೀಲದ ಒಳಬದಿಯಲ್ಲಿ. ಅಂದರೆ ಮೊದಲ ಸಕ್ಕರೆ ತೊಟ್ಟ ಅಣು ಪೊರೆಯ ಆ ಬದಿಯಿಂದ ಈ ಬದಿಗೆ ಮಗುಚಿಕೊಳ್ಳಬೇಕು. ವಿಚಾರಗೋಷ್ಠಿಯಲ್ಲಿ ಇದನ್ನು ಒಂದು ಚಿತ್ರ ಬರೆದು ತೋರಿಸಿ. ಗ್ಲೈಕೊಲಿಪಿಡ್ ಎಂದರೆ ಎಲ್ಲವೂ ಗಾಲ್ಗಿಯ ಒಳಗೇ ಆಗುತ್ತದೆ ಎಂದು ತಿಳಿದವರೇ ಹೆಚ್ಚು.

ಈಗ ಜೀನಿನ ಬೇಟೆ. ಕಿಣ್ವದ ಕೆಲಸ ಗೊತ್ತಾಗಿ ಬಹಳ ಕಾಲವಾಗಿತ್ತು. 1968ರಲ್ಲೇ ಸುಭಾಷ್ ಬಸು, ಬರ್ನಾರ್ಡ್ ಕೌಫ್‌ಮನ್, ಸಾಲ್ ರೋಸ್‌ಮನ್ ಅವರು ಕೋಳಿಯ ಭ್ರೂಣದ ಮೆದುಳಿನ ಸಾರದಲ್ಲಿ ಸೆರಮೈಡಿಗೆ ಗ್ಲುಕೋಸ್ ಸೇರುವುದನ್ನು ತೋರಿಸಿದ್ದರು. ಆದರೆ ಜೀನ್ ಕೈಗೆ ಸಿಕ್ಕಿದ್ದು 1996ರಲ್ಲಿ. ನಡುವೆ 28 ವರ್ಷಗಳು! ಆ ಕಾಲದಲ್ಲಿ ಜೀನ್ ಹುಡುಕಲು ರೂಢಿಯಲ್ಲಿದ್ದ ದಾರಿ ಎಂದರೆ, ಮೊದಲು ಕಿಣ್ವವನ್ನು ಶುದ್ಧಗೊಳಿಸಬೇಕು, ಅದರ ಒಂದು ತುಂಡಿನ ಅಮೈನೋ ಆಮ್ಲಗಳ (ಪ್ರೋಟೀನಿನ ಮಣಿಗಳ) ಸಾಲನ್ನು ಓದಬೇಕು, ಆ ಸಾಲಿಗೆ ಹೊಂದುವ ಡಿಎನ್‌ಎಯನ್ನು ಹುಡುಕಬೇಕು. ಪೊರೆಯಲ್ಲಿ ಹುದುಗಿರುವ ಕಿಣ್ವಗಳು ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇರುವುದೇ ಚೂರು, ಪೊರೆಯಿಂದ ಬಿಡಿಸಿದರೆ ಕಸುವು ಕಳೆದುಕೊಳ್ಳುತ್ತವೆ. ಲಿಪಿಡ್ ಕಿಣ್ವಗಳ ಜೊತೆ ಹಲವು ವರ್ಷ ಹೆಣಗಿದ ನನಗೆ ಆ ಸಂಕಟ ಚೆನ್ನಾಗಿ ಗೊತ್ತು. ಬೆಳಗ್ಗೆ ಚುರುಕಾಗಿದ್ದ ಸಾರ ಸಂಜೆಗೆ ಸತ್ತಿರುತ್ತಿತ್ತು. ಗಾಜಿನ ತಟ್ಟೆಗೆ ಆರ್ಸಿನಾಲ್ ಸಿಂಪಡಿಸಿ ಬಿಸಿ ಮಾಡಿ, ನೇರಳೆ ಬಣ್ಣದ ಚುಕ್ಕೆ ಮೂಡುತ್ತದೆಯೇ ಎಂದು ಕಾದು ಕುಳಿತರೆ ಬಿಳಿ ತಟ್ಟೆ ಬಿಳಿಯಾಗಿಯೇ ಉಳಿಯುತ್ತಿತ್ತು.

ಜಪಾನಿನ ಇಚಿಕಾವಾ, ಹಿರಾಬಯಾಶಿ ಮತ್ತು ಅವರ ಸಂಗಡಿಗರು ಆ ದಾರಿಯನ್ನೇ ಬಿಟ್ಟರು. ಅವರು ಹಿಡಿದ ದಾರಿಯನ್ನು ದಾವಣಗೆರೆಯವರಿಗೆ ಹೇಳುವುದು ನನಗೆ ಸುಲಭ. ನಮ್ಮ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದ ಹಿರಿಯರು ನಿಮ್ಮ ಓಣಿಯಲ್ಲೂ ಇರಬಹುದು, ಗಿರಣಿಯ ಕೂಗಿಗೆ ಎದ್ದು ಪಾಳಿಗೆ ಹೋಗುತ್ತಿದ್ದವರು. ಒಂದು ಮಗ್ಗ ನಿಂತಿದೆ ಎಂದುಕೊಳ್ಳಿ. ನೂಲಿದೆ, ಕರೆಂಟ್ ಇದೆ, ಉಳಿದೆಲ್ಲ ಭಾಗಗಳೂ ಸರಿಯಾಗಿವೆ. ಒಂದೇ ಒಂದು ಬಿಡಿಭಾಗ ಕಳೆದುಹೋಗಿದೆ, ಅದು ನೋಡಲು ಹೇಗಿರುತ್ತದೆ ಎಂಬುದು ಫಿಟ್ಟರ್‌ಗೆ ಗೊತ್ತಿಲ್ಲ. ಪಕ್ಕದಲ್ಲಿ ಬೇರೊಂದು ಗಿರಣಿಯಿಂದ ತಂದ ಸಾವಿರಾರು ಬಿಡಿಭಾಗಗಳ ರಾಶಿ. ಅವನು ಒಂದೊಂದನ್ನೇ ಹಾಕಿ ನೋಡುತ್ತಾನೆ. ಯಾವುದನ್ನು ಹಾಕಿದಾಗ ಮಗ್ಗದಿಂದ ಬಟ್ಟೆ ಹೊರಬರುತ್ತದೆಯೋ ಅದೇ ಕಳೆದುಹೋದ ಭಾಗ. ಅದರ ಆಕಾರ ಮೊದಲೇ ಗೊತ್ತಿರಬೇಕಾಗಿಲ್ಲ. ಬಟ್ಟೆಯನ್ನು ಗುರುತಿಸಲು ಬಂದರೆ ಸಾಕು.

ಇಲ್ಲಿ ನಿಂತ ಮಗ್ಗ ಎಂದರೆ ಜಿಎಂ-95 ಎಂಬ ಕೋಶಗಳು. ಇಲಿಯ ಬಿ16 ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕೋಶಗಳಿಂದ ಬಂದ ರೂಪಾಂತರಿ ಇವು. ಮೂಲ ಕೋಶದ ಮೈತುಂಬ ಜಿಎಂ3 ಇದ್ದರೆ, ಇವುಗಳಲ್ಲಿ ಸೆರಮೈಡಿಗೆ ಗ್ಲುಕೋಸ್ ತೊಡಿಸುವ ಕಿಣ್ವವೇ ಇಲ್ಲ. ಹಾಗಾಗಿ ಅದರ ಮೇಲೆ ಕಟ್ಟುವ ಯಾವ ಗ್ಲೈಕೊಲಿಪಿಡ್ಡೂ ಇಲ್ಲ. ಬಿಡಿಭಾಗಗಳ ರಾಶಿ ಎಂದರೆ ಮನುಷ್ಯನ ಕೋಶಗಳಲ್ಲಿ ಸಕ್ರಿಯವಾಗಿದ್ದ ಜೀನುಗಳ ಪ್ರತಿಗಳು, ಅಂದರೆ ಸಿಡಿಎನ್‌ಎ ಭಂಡಾರ. ಬಟ್ಟೆ ಎಂದರೆ ಜಿಎಂ3. ಅದನ್ನು ಗುರುತಿಸುವ ಕಣ್ಣು ಒಂದು ಪ್ರತಿಕಾಯ. ಭಂಡಾರವನ್ನು ಜಿಎಂ-95 ಕೋಶಗಳೊಳಗೆ ಸೇರಿಸಿ, ಯಾವ ಕೋಶದ ಹೊರಮೈಯಲ್ಲಿ ಜಿಎಂ3 ಮತ್ತೆ ಕಾಣಿಸಿತೋ ಅದರ ಬೆನ್ನು ಹಿಡಿದರು. ಮೊರದಲ್ಲಿ ಕಾಳು ಕೇರಿದ ಹಾಗೆ ಹೊಟ್ಟನ್ನು ಹಾರಿಸುತ್ತ ಹಾರಿಸುತ್ತ ಕೊನೆಗೆ ಒಂದೇ ಒಂದು ಡಿಎನ್‌ಎ ತುಣುಕು ಉಳಿಯಿತು. ಕಿಣ್ವವನ್ನು ಶುದ್ಧಗೊಳಿಸುವ ಗೋಜೇ ಇಲ್ಲದೆ ಜೀನ್ ಕೈಗೆ ಬಂದಿತ್ತು. ಇದನ್ನೇ ಅಭಿವ್ಯಕ್ತಿ ಕ್ಲೋನಿಂಗ್ ಎನ್ನುತ್ತಾರೆ.

ಒಂದು ಸೂಕ್ಷ್ಮವನ್ನು ನಿಮ್ಮ ಸಹಪಾಠಿಗಳು ಕೇಳಿಯೇ ಕೇಳುತ್ತಾರೆ: ಹುಡುಕಿದ್ದು ಗ್ಲುಕೋಸ್ ತೊಡಿಸುವ ಕಿಣ್ವವನ್ನು, ನೋಡಿದ್ದು ಜಿಎಂ3, ಅದು ಹೇಗೆ? ಆ ಕೋಶದಲ್ಲಿ ಮುಂದಿನ ಕೆಲಸಗಾರರೆಲ್ಲ ಕೈಕಟ್ಟಿ ಕಾಯುತ್ತಿದ್ದರು. ಮೊದಲ ಸಕ್ಕರೆ ಕೂತ ಕ್ಷಣ ಗ್ಯಾಲಕ್ಟೋಸ್ ಸೇರಿಸುವವನು, ಸಯಾಲಿಕ್ ಆಮ್ಲ ಸೇರಿಸುವವನು ತಮ್ಮ ಪಾಲಿನದನ್ನು ಮುಗಿಸಿಬಿಟ್ಟರು. ಬುಡದ ದೋಷ ಸರಿಹೋಗಿದ್ದು ತುದಿಯಲ್ಲಿ ಕಾಣಿಸಿತು.

ಆ ಜೀನ್ ಹೇಳಿದ ಪ್ರೋಟೀನಿನಲ್ಲಿ 394 ಅಮೈನೋ ಆಮ್ಲಗಳಿದ್ದವು, ತೂಕ 44.9 ಕಿಲೋಡಾಲ್ಟನ್. ಇಲ್ಲಿಗೇ ಬಿಟ್ಟಿದ್ದರೆ ನಿಮ್ಮ ತಂದೆಯವರಂಥವರು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಸಿಕ್ಕಿದ್ದು ಕಿಣ್ವದ ಜೀನೋ, ಅಥವಾ ಜಿಎಂ-95 ಕೋಶದಲ್ಲಿ ಮಲಗಿದ್ದ ಕಿಣ್ವವನ್ನು ಬಡಿದೆಬ್ಬಿಸುವ ಬೇರೆ ಯಾವುದಾದರೂ ಜೀನೋ? ಅದಕ್ಕೂ ಅವರು ಉತ್ತರ ಕೊಟ್ಟರು. ಆ ಜೀನನ್ನು ಇ. ಕೊಲೈ ಬ್ಯಾಕ್ಟೀರಿಯಾದೊಳಗೆ ಇಟ್ಟರು. ಇ. ಕೊಲೈಗೆ ಸೆರಮೈಡೂ ಗೊತ್ತಿಲ್ಲ, ಗಾಲ್ಗಿಯೂ ಇಲ್ಲ, ಬಡಿದೆಬ್ಬಿಸಲು ಅಲ್ಲಿ ಮಲಗಿದವರೇ ಇಲ್ಲ. ಆದರೂ ಅದು ತಯಾರಿಸಿದ ಪ್ರೋಟೀನ್ ಸೆರಮೈಡಿಗೆ ಗ್ಲುಕೋಸ್ ತೊಡಿಸಿತು. ಆ ಒಂದು ಪ್ರೋಟೀನೇ ಕಿಣ್ವ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾಗಿಲ್ಲ. ಅವರ ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಇದು. ನಿಮ್ಮ ಮಾತಿನಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡಬೇಡಿ.

ಈಗ ಹತ್ತಿಗೆ ಬರೋಣ. ಮನುಷ್ಯನ ಜೀನಿನ ಸಾಲು ಸಿಕ್ಕಿದ ಮೇಲೆ ಅದಕ್ಕೆ ಅಲ್ಪಸ್ವಲ್ಪ ಹೋಲುವ ಸಾಲುಗಳು ಬೇರೆ ಬೇರೆ ಜೀವಿಗಳಲ್ಲಿ ಕಾಣಿಸತೊಡಗಿದವು. ಸಸ್ತನಿಗಳ ಮಟ್ಟಿಗೆ ತಕರಾರೇ ಇಲ್ಲ, ಇಲಿಯ ಕಿಣ್ವದಲ್ಲೂ 394 ಅಮೈನೋ ಆಮ್ಲಗಳೇ, ಮನುಷ್ಯನದಕ್ಕೂ ಅದಕ್ಕೂ ವ್ಯತ್ಯಾಸ ಬಹಳ ಕಡಿಮೆ. ಸಸ್ಯ, ಶಿಲೀಂಧ್ರಗಳ ಕಡೆ ಹೋದಾಗ ಹೋಲಿಕೆ ತೆಳುವಾಗುತ್ತದೆ. ಹೆಚ್ಚಿನ ಜಾಗಗಳಲ್ಲಿ ಅಕ್ಷರಗಳು ಬೇರೆ. ಉಳಿದಿರುವುದು ಕೆಲವು ಆಯಕಟ್ಟಿನ ಗುರುತುಗಳು: ದೂರ ದೂರದಲ್ಲಿ ಕೂತ ಆಸ್ಪಾರ್ಟೇಟ್ ಎಂಬ ಮೂರು ಅಮೈನೋ ಆಮ್ಲಗಳು, ಆಮೇಲೆ ಗ್ಲುಟಮಿನ್ ಅಥವಾ ಆರ್ಜಿನಿನ್‌ನಿಂದ ಶುರುವಾಗಿ, ನಡುವೆ ಯಾವುದಾದರೂ ಎರಡು ಅಮೈನೋ ಆಮ್ಲಗಳನ್ನು ಬಿಟ್ಟು, ಆರ್ಜಿನಿನ್-ಟ್ರಿಪ್ಟೊಫಾನ್ ಜೋಡಿಯಲ್ಲಿ ಮುಗಿಯುವ ಒಂದು ಪುಟ್ಟ ಸಾಲು. ಸಕ್ಕರೆಯನ್ನು ಹಿಡಿದು ವರ್ಗಾಯಿಸುವ ಕೈಬೆರಳುಗಳು ಇವು. ನಿಮ್ಮ ಸ್ಲೈಡಿನಲ್ಲಿ ಶೇಕಡಾವಾರು ಹೋಲಿಕೆಯನ್ನು ದಪ್ಪಕ್ಷರದಲ್ಲಿ ಹಾಕುವ ಬದಲು ಈ ಗುರುತುಗಳನ್ನು ಬಣ್ಣದಲ್ಲಿ ತೋರಿಸಿ. "ಒಂದೇ" ಎಂಬ ಪದವನ್ನು ನಾನು ಒಪ್ಪದಿರಲು ಕಾರಣವೂ ಇದೇ. ಒಂದೇ ಮನೆತನ ಎನ್ನಿ. ಮೊಮ್ಮಕ್ಕಳ ಮುಖ ಬೇರೆ ಬೇರೆಯಾಗಿದ್ದರೂ ಕೈಕಸುಬು ಅಜ್ಜನದೇ.

ಆದರೆ ಹೋಲಿಕೆ ಎಂಬುದು ಅನುಮಾನ ಹುಟ್ಟಿಸುತ್ತದೆಯೇ ಹೊರತು ಅದೇ ಸಾಕ್ಷಿಯಾಗುವುದಿಲ್ಲ. ಮುಖ ಅಜ್ಜನಂತಿದ್ದ ಮಾತ್ರಕ್ಕೆ ಮಗ್ಗ ನಡೆಸಲು ಬರುತ್ತದೆ ಎಂದು ಹೇಳಲಾಗದು. 2001ರಲ್ಲಿ ಲೈಪೆಲ್ಟ್, ಹೈನ್ಸ್ ಮತ್ತು ಸಂಗಡಿಗರು ಮಾಡಿದ್ದು ಆ ಪರೀಕ್ಷೆಯನ್ನು. ಪಿಚಿಯಾ ಪಾಸ್ಟೋರಿಸ್ ಎಂಬ ಯೀಸ್ಟ್ ಹಾಗೂ ಎಳೆ ಮಕ್ಕಳ ಬಾಯಲ್ಲಿ ಬಿಳಿ ಪದರ ಮೂಡಿಸುವ ಕ್ಯಾಂಡಿಡಾ ಅಲ್ಬಿಕನ್ಸ್, ಇವೆರಡರಲ್ಲಿ ಶಂಕಿತ ಜೀನನ್ನು ಅಳಿಸಿಹಾಕಿದರು. ಗ್ಲುಕೋಸಿಲ್‌ಸೆರಮೈಡ್ ಪೂರ್ತಿ ಮಾಯವಾಯಿತು. ಮತ್ತೆ ಅದೇ ನಿಂತ ಮಗ್ಗ! ಈ ಸಲ ಬೇರೆ ಬೇರೆ ಜೀವಿಗಳ ಜೀನುಗಳನ್ನು ತಂದು ಅದರಲ್ಲಿ ಕೂರಿಸಿದರು. ಗ್ಲುಕೋಸಿಲ್‌ಸೆರಮೈಡ್ ಮರಳಿತು. ಹೀಗೆ ಐದು ಹೊಸ ಜೀನುಗಳ ಕೆಲಸ ಸಾಬೀತಾಯಿತು: ಆ ಎರಡು ಯೀಸ್ಟುಗಳದು, ಸಿ. ಎಲೆಗನ್ಸ್ ಎಂಬ ಸಣ್ಣ ದುಂಡುಹುಳುವಿನದು, ಆಗ ಮ್ಯಾಗ್ನಪೋರ್ಥೆ ಗ್ರೈಸಿಯಾ ಎಂದು ಕರೆಯುತ್ತಿದ್ದ ಶಿಲೀಂಧ್ರದ್ದು, ಮತ್ತು ಹತ್ತಿಯದು.

ಆ ಹತ್ತಿ ಯಾವುದು ಗೊತ್ತೇ? ಗಾಸಿಪಿಯಂ ಆರ್ಬೋರಿಯಂ, ಅಂದರೆ ನಮ್ಮ ಉಪಖಂಡದ ದೇಸಿ ಹತ್ತಿ. ನಿಮ್ಮ ತಂದೆಯವರು ಈಗ ಬೆಳೆಯುತ್ತಿರುವುದು ಬಿಟಿ ಹೈಬ್ರಿಡ್ ಆಗಿದ್ದರೆ ಅದು ಸಾಮಾನ್ಯವಾಗಿ ಗಾಸಿಪಿಯಂ ಹಿರ್ಸುಟಮ್, ಅಮೆರಿಕ ಮೂಲದ್ದು. ಆದರೂ ಸಂಬಂಧ ತಪ್ಪುವುದಿಲ್ಲ. ಹಿರ್ಸುಟಮ್‌ನಲ್ಲಿ ಎರಡು ಜೀನೋಮುಗಳು, ಅಂದರೆ ಜೀನುಗಳ ಎರಡು ಪೂರ್ತಿ ಕಂತೆಗಳು, ಕೂಡಿಕೊಂಡಿವೆ. ಅದರಲ್ಲಿ ಒಂದು ಈ ದೇಸಿ ಹತ್ತಿಯ ಬಳಗದಿಂದಲೇ ಬಂದದ್ದು. ಇನ್ನು ಆ ಮ್ಯಾಗ್ನಪೋರ್ಥೆಯನ್ನು ನೀವು ಹೆಸರಿನಿಂದ ಗುರುತಿಸದಿದ್ದರೂ ಹರಿಹರ, ಹೊನ್ನಾಳಿ ಕಡೆಯ ಭತ್ತದ ಗದ್ದೆಗಳಲ್ಲಿ ನೋಡಿರುತ್ತೀರಿ. ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದು ಬಣ್ಣ, ಅಂಚು ಕಂದು. ಅದೇ ಬೆಂಕಿ ರೋಗ. ಅದರ ಮಾತು ಕೊನೆಗೆ ಮತ್ತೆ ಬರುತ್ತದೆ.

ಅಂದಮೇಲೆ ನಿಮ್ಮ ತಂದೆಯವರಿಗೆ ಮೊದಲ ಉತ್ತರ ಸಿದ್ಧವಾಯಿತು. ನೋಡಿದವರಿದ್ದಾರೆ. ಹತ್ತಿಯ ಜೀನನ್ನು ತಂದು, ಅದೇ ಕೆಲಸ ಬಾರದೆ ನಿಂತಿದ್ದ ಯೀಸ್ಟಿನೊಳಗೆ ಇಟ್ಟರು, ಕೆಲಸ ನಡೆಯಿತು. ಪ್ರಾಣಿ, ಸಸ್ಯ, ಶಿಲೀಂಧ್ರಗಳ ಹಾದಿಗಳು ಕವಲೊಡೆದು ನೂರು ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಅಷ್ಟು ಕಾಲ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಭಾಗವನ್ನು ತಂದು ಹಾಕಿದರೆ ಮಗ್ಗ ನಡೆಯುತ್ತದೆ ಎಂಬುದು ನನಗೆ ಈಗಲೂ ರೋಮಾಂಚನ ತರುವ ಸಂಗತಿ.

ಇನ್ನು ನಿಮ್ಮ ಟಿಪ್ಪಣಿಯ ಎರಡನೆಯ ಮಾತು. "ಇದಿಲ್ಲದೆ ಜೀವಕೋಶ ಬದುಕಲಾರದು." ಸ್ವಲ್ಪ ನಿಂತು ಯೋಚಿಸಿ. ಜಿಎಂ-95 ಕೋಶಗಳಲ್ಲಿ ಈ ಕಿಣ್ವವೇ ಇರಲಿಲ್ಲ, ಆದರೂ ಅವು ಗಾಜಿನ ತಟ್ಟೆಯಲ್ಲಿ ಬೆಳೆದವು. ಬೆಳೆದಿದ್ದರಿಂದಲೇ ಜೀನನ್ನು ಹಿಡಿಯಲು ಸಾಧ್ಯವಾಯಿತು. ಜೀನ್ ಅಳಿಸಿದ ಪಿಚಿಯಾ, ಕ್ಯಾಂಡಿಡಾಗಳೂ ಬದುಕಿದ್ದವು. ನಿಮ್ಮ ಪ್ರಬಂಧದ ಮುಖ್ಯ ಪ್ರಯೋಗಗಳೇ ನಿಮ್ಮ ವಾಕ್ಯವನ್ನು ಅಲ್ಲಗಳೆಯುತ್ತವೆ. ಇದು ನಿಮ್ಮೊಬ್ಬರ ತಪ್ಪಲ್ಲ. "ಸಂರಕ್ಷಿತ, ಆದ್ದರಿಂದ ಅನಿವಾರ್ಯ" ಎಂದು ಬರೆಯುವ ಚಾಳಿ ದೊಡ್ಡ ಲೇಖನಗಳಲ್ಲೂ ಇದೆ.

ಹಾಗಾದರೆ ಇಷ್ಟು ಕಾಲ ಉಳಿದುಬಂದದ್ದೇಕೆ? 1999ರಲ್ಲಿ ಯಾಮಾಶಿತಾ ಮತ್ತು ಸಂಗಡಿಗರು ಈ ಜೀನ್ ಇಲ್ಲದ ಇಲಿಗಳನ್ನು ಪಡೆಯಲು ಯತ್ನಿಸಿದರು. ಮರಿಗಳು ಹುಟ್ಟಲೇ ಇಲ್ಲ. ಗರ್ಭ ಕಟ್ಟಿದ ಏಳೆಂಟು ದಿನಗಳ ಹೊತ್ತಿಗೆ, ಭ್ರೂಣದ ಕೋಶಗಳು ಪದರಪದರವಾಗಿ ಬೇರ್ಪಟ್ಟು ದೇಹದ ನಕ್ಷೆ ಮೂಡಬೇಕಾದ ಘಟ್ಟದಲ್ಲಿ, ಭ್ರೂಣಗಳು ಸತ್ತವು. ಒಂಟಿ ಕೋಶ ತಟ್ಟೆಯಲ್ಲಿ ಬದುಕುತ್ತದೆ, ಆದರೆ ಕೋಶಗಳು ಕೂಡಿ ಒಂದು ದೇಹ ಕಟ್ಟಲಾಗುವುದಿಲ್ಲ. ಮುಂದೆ ಬೇರೆ ತಂಡಗಳು ದೇಹದ ಒಂದೊಂದು ಭಾಗದಲ್ಲಿ ಮಾತ್ರ ಜೀನನ್ನು ಅಳಿಸಿ ನೋಡಿದವು. ನರಕೋಶಗಳಲ್ಲಿ ಅಳಿಸಿದಾಗ ಮರಿ ಹುಟ್ಟುತ್ತದೆ, ಆಮೇಲೆ ತೀವ್ರವಾದ ನರದೋಷ ಕಾಣಿಸಿಕೊಳ್ಳುತ್ತದೆ. ಚರ್ಮದಲ್ಲಿ ಅಳಿಸಿದಾಗ ಚರ್ಮ ನೀರನ್ನು ಹಿಡಿದಿಡಲಾರದು.

ಇದೇ ಮಾತನ್ನು ಗಿಡವೂ ಹೇಳಿತು. ಸಾಸಿವೆಯ ದೂರದ ಬಂಧುವಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಈ ಜೀನನ್ನು ಕೆಡಿಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಸಸಿ ಬೆಳೆಯಲಿಲ್ಲ, ಎಲೆ ಎಲೆಯಾಗಲಿಲ್ಲ, ಬೇರು ಬೇರಾಗಲಿಲ್ಲ. ಆದರೆ ಅದರ ಕೋಶಗಳನ್ನು ಯಾವ ಅಂಗವೂ ಆಗದ ಮುದ್ದೆಯಾಗಿ ಬೆಳೆಸಿದಾಗ ಅವು ಬದುಕಿದವು. ಇಲಿಯ ಭ್ರೂಣ ಮತ್ತು ಗಿಡದ ಸಸಿ, ಎರಡೂ ಒಂದೇ ಜಾಗದಲ್ಲಿ ಎಡವಿವೆ ನೋಡಿ. ಪ್ರಾಣಿಗಳೂ ಸಸ್ಯಗಳೂ ಬಹುಕೋಶೀಯ ದೇಹವನ್ನು ಕಟ್ಟಲು ಕಲಿತದ್ದು ತಮ್ಮ ತಮ್ಮ ದಾರಿಯಲ್ಲಿ, ಬೇರೆ ಬೇರೆಯಾಗಿ. ಇಬ್ಬರೂ ಆ ಕಟ್ಟಡಕ್ಕೆ ಈ ಹಳೆಯ ಅಣುವನ್ನೇ ದುಡಿಸಿಕೊಂಡಿದ್ದಾರೆ. ನಿಮ್ಮ ಇಡೀ ಮಾತು ಈ ಜೋಡಿ ಪ್ರಯೋಗದ ಸುತ್ತ ತಿರುಗಿದರೆ ಚೆನ್ನ.

ದುಂಡುಹುಳುವಿನದು ಇನ್ನೂ ಸೋಜಿಗ. ಅದಕ್ಕೆ ಇಂಥ ಮೂರು ಜೀನುಗಳಿವೆ. ಮೂರನ್ನೂ ಕೆಡಿಸಿದರೆ ಮರಿಹುಳು ಮೊದಲ ಹಂತದಲ್ಲೇ ಬೆಳವಣಿಗೆ ನಿಲ್ಲಿಸುತ್ತದೆ. ಆದರೆ ಜೀರ್ಣಾಂಗದ ಕೆಲವೇ ಕೋಶಗಳಲ್ಲಿ ಕಿಣ್ವವನ್ನು ಮರಳಿ ಕೊಟ್ಟರೆ ಸಾಕು, ಹುಳು ಬೆಳೆದು ದೊಡ್ಡದಾಗುತ್ತದೆ. ಉಳಿದ ಕೋಶಗಳು ಅದಿಲ್ಲದೆಯೂ ನಡೆಸಿಕೊಂಡು ಹೋಗುತ್ತವೆ.

ಕೈಬಿಟ್ಟವರೂ ಇದ್ದಾರೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್, ಸ್ಯಾಕರೊಮೈಸಿಸ್, ಗ್ಲುಕೋಸಿಲ್‌ಸೆರಮೈಡ್ ಮಾಡುವುದೇ ಇಲ್ಲ. ಹೀಗಾಗಿ "ಎಲ್ಲದರಲ್ಲೂ" ಎಂಬ ಪದವನ್ನೂ "ಬಹುಪಾಲು" ಎಂದು ತಿದ್ದಿಕೊಳ್ಳಿ. 2001ರ ಪ್ರಯೋಗಕ್ಕೆ ಎಲ್ಲರಿಗೂ ಪರಿಚಿತವಾದ ಸ್ಯಾಕರೊಮೈಸಿಸ್ ಬಿಟ್ಟು ಪಿಚಿಯಾ, ಕ್ಯಾಂಡಿಡಾಗಳನ್ನೇಕೆ ಆರಿಸಿದರು ಎಂದು ಯಾರಾದರೂ ಕೇಳಿದರೆ ಹೇಳಬಹುದು: ಸಹಜವಾಗಿ ಇದ್ದದ್ದನ್ನು ಅಳಿಸಿ, ಮತ್ತೆ ತುಂಬಿ ನೋಡುವುದಕ್ಕೆ ಆ ಪದಾರ್ಥ ಮೊದಲು ಅಲ್ಲಿ ಇರಬೇಕಲ್ಲ.

ಸಂರಕ್ಷಣೆ ಎಂಬ ಮಾತು ಎಲ್ಲಿ ಹೊಂದುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆಯನ್ನೂ ಇಟ್ಟುಕೊಳ್ಳಿ. ನರತಂತುಗಳ ಮೇಲಿನ ಮಯಲಿನ್ ಹೊದಿಕೆಯಲ್ಲಿ ಗ್ಯಾಲಕ್ಟೋಸಿಲ್‌ಸೆರಮೈಡ್ ಹೇರಳವಾಗಿದೆ. ಅದೇ ಸೆರಮೈಡ್, ಗ್ಲುಕೋಸಿನ ಬದಲು ಗ್ಯಾಲಕ್ಟೋಸ್. ಈ ಎರಡು ಸಕ್ಕರೆಗಳಿಗಿರುವ ವ್ಯತ್ಯಾಸ ನಾಲ್ಕನೆಯ ಇಂಗಾಲದ ಮೇಲಿನ ಒಂದು ಹೈಡ್ರಾಕ್ಸಿಲ್ ಮೇಲಕ್ಕೆ ಮುಖ ಮಾಡಿದೆಯೋ ಕೆಳಕ್ಕೋ ಎಂಬಷ್ಟೇ. ಇಷ್ಟು ಹತ್ತಿರದ ಕೆಲಸ ಮಾಡುವ ಎರಡು ಕಿಣ್ವಗಳು ಅಣ್ಣತಮ್ಮಂದಿರಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. 1996ರಲ್ಲಿ ಸಾಲುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಗಣನೀಯ ಹೋಲಿಕೆಯೇ ಇಲ್ಲ! ಗ್ಯಾಲಕ್ಟೋಸ್ ಸೇರಿಸುವ ಕಿಣ್ವದ ಬಂಧುಗಳು, ಯಕೃತ್ತಿನಲ್ಲಿ ಬಿಲಿರುಬಿನ್‌ನಂಥ ತ್ಯಾಜ್ಯವನ್ನು ಹೊರಹಾಕಲು ಅಣಿಗೊಳಿಸುವ ಕಿಣ್ವಗಳು. ಒಂದೇ ಕಸುಬಿಗೆ ಎರಡು ಬೇರೆ ಮನೆತನಗಳು ಬಂದು ಸೇರಿವೆ. ಅತ್ತ ಹತ್ತಿಯೂ ಮನುಷ್ಯನೂ ಒಂದೇ ಮನೆತನದ ಕಿಣ್ವವನ್ನು ಹೊತ್ತಿದ್ದಾರೆ, ಇತ್ತ ನಮ್ಮದೇ ದೇಹದ ಎರಡು ನೆರೆಹೊರೆಯ ಕಿಣ್ವಗಳಿಗೆ ನಂಟೇ ಇಲ್ಲ.

ಪ್ರಯೋಜನದ ಪ್ರಶ್ನೆಗೆ ಬರುತ್ತೇನೆ. ರೋಗಿಗಳ ಮಟ್ಟಿಗೆ ಸಂಕ್ಷೇಪವಾಗಿ ಹೇಳಬಹುದು. 1882ರಲ್ಲಿ ಫ್ರಾನ್ಸಿನ ಫಿಲಿಪ್ ಗೋಶೆ ವರ್ಣಿಸಿದ ಒಂದು ಅನುವಂಶಿಕ ರೋಗದಲ್ಲಿ ಗ್ಲುಕೋಸಿಲ್‌ಸೆರಮೈಡನ್ನು ಒಡೆಯುವ ಕಿಣ್ವ ದುರ್ಬಲವಾಗಿರುತ್ತದೆ. ಒಡೆಯದೆ ಉಳಿದದ್ದು ಗುಲ್ಮ, ಯಕೃತ್ತು, ಮೂಳೆಯ ಮಜ್ಜೆಗಳಲ್ಲಿ ತುಂಬಿಕೊಳ್ಳುತ್ತದೆ. ಒಡೆಯುವ ಕಿಣ್ವವನ್ನು ರಕ್ತನಾಳದ ಮೂಲಕ ಕೊಡುವುದು ಒಂದು ಚಿಕಿತ್ಸೆ. ತೂಬಿನಲ್ಲಿ ನೀರು ಹೊರಹೋಗದಿದ್ದರೆ ಕೆರೆಗೆ ಬರುವ ನೀರನ್ನಾದರೂ ಕಡಿಮೆ ಮಾಡೋಣ ಎಂಬುದು ಇನ್ನೊಂದು. ಮಿಗ್ಲುಸ್ಟಾಟ್, ಎಲಿಗ್ಲುಸ್ಟಾಟ್ ಎಂಬ ಬಾಯಿಂದ ನುಂಗುವ ಔಷಧಗಳು ತಡೆಯುವುದು ನಾವು ಮಾತನಾಡುತ್ತಿರುವ ಇದೇ ಕಿಣ್ವವನ್ನು. 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಲಿಗ್ಲುಸ್ಟಾಟ್ ನೋಡಲು ಸೆರಮೈಡಿನ ಹಾಗಿದೆ, ಕಿಣ್ವ ಅದನ್ನು ಸೆರಮೈಡ್ ಎಂದು ನಂಬಿ ಹಿಡಿದುಕೊಳ್ಳುತ್ತದೆ. ಪೂರ್ತಿ ತಡೆದರೆ ಆಪತ್ತು ಎಂಬುದನ್ನು ಇಲಿಯ ಭ್ರೂಣ ಕಲಿಸಿದೆ. ಹಾಗಾಗಿ ಉದ್ದೇಶ ಹರಿವನ್ನು ತಗ್ಗಿಸುವುದಷ್ಟೇ.

ರೈತರ ಮಾತಿಗೆ ಬಂದರೆ ನನಗೆ ಉತ್ಸಾಹ ಹೆಚ್ಚು, ಏಕೆಂದರೆ ನನ್ನ ಬಂಧುಗಳು ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರು. ಬೆಂಕಿ ರೋಗ ತೆನೆಯ ಕುತ್ತಿಗೆಗೆ ಬಂದ ವರ್ಷ ಮನೆಯಲ್ಲಿ ಕವಿಯುವ ಮೌನವನ್ನು ನಾನು ನೋಡಿದ್ದೇನೆ. ಆ ಶಿಲೀಂಧ್ರವೂ ಭತ್ತವೂ ಗ್ಲುಕೋಸಿಲ್‌ಸೆರಮೈಡ್ ಮಾಡುತ್ತವೆ. ಗ್ಲುಕೋಸ್ ಒಂದೇ, ಜೋಡಿಸುವ ಕಿಣ್ವ ಒಂದೇ ಮನೆತನದ್ದು. ಆದರೆ ಶಿಲೀಂಧ್ರದ ಸೆರಮೈಡಿನ ಬಾಲದಲ್ಲಿ, ಒಂಬತ್ತನೆಯ ಇಂಗಾಲದ ಮೇಲೆ, ಒಂದು ಪುಟ್ಟ ಮೀಥೈಲ್ ಗುಂಪು ಕೊಂಬಿನಂತೆ ಚಾಚಿಕೊಂಡಿರುತ್ತದೆ. ಭತ್ತದ ಸೆರಮೈಡಿನಲ್ಲಿ ಅದಿಲ್ಲ. ಜಪಾನಿನ ಕೋಗಾ ಮತ್ತು ಸಂಗಡಿಗರು 1998ರಲ್ಲಿ ಈ ಶಿಲೀಂಧ್ರದಿಂದ ತೆಗೆದ ಗ್ಲುಕೋಸಿಲ್‌ಸೆರಮೈಡನ್ನು ಭತ್ತದ ಗಿಡಗಳಿಗೆ ಸಿಂಪಡಿಸಿದರು. ರೋಗಾಣುವೇ ಇಲ್ಲ, ಅದರ ಪೊರೆಯ ಕೊಬ್ಬು ಮಾತ್ರ. ಆದರೂ ಭತ್ತ ಶತ್ರು ಬಂದನೆಂದು ಎಚ್ಚೆತ್ತು ಶಿಲೀಂಧ್ರನಾಶಕ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಂಡಿತು. ಆಮೇಲೆ ಬಂದ ನಿಜವಾದ ಸೋಂಕನ್ನೂ ಹೆಚ್ಚು ತಡೆದುಕೊಂಡಿತು. ಗಿಡ ಗುರುತು ಹಿಡಿದದ್ದು ಮುಖ್ಯವಾಗಿ ಆ ಮೀಥೈಲ್ ಗುಂಪನ್ನು ಮತ್ತು ಅದೇ ಬಾಲದ ಒಂದು ದ್ವಿಬಂಧವನ್ನು.

ಇದಕ್ಕೆ ಜೋಡಿಯಾಗಿ ಮೂಲಂಗಿಯ ಕಥೆಯೊಂದಿದೆ. ಮೂಲಂಗಿ ಬೀಜದಲ್ಲಿ ಶಿಲೀಂಧ್ರಗಳನ್ನು ಕೊಲ್ಲುವ ಡಿಫೆನ್ಸಿನ್ ಎಂಬ ಸಣ್ಣ ಪ್ರೋಟೀನಿದೆ. 2004ರಲ್ಲಿ ತೆವಿಸ್ಸನ್ ಮತ್ತು ಸಂಗಡಿಗರು ಅದು ಅಂಟಿಕೊಳ್ಳುವುದು ಶಿಲೀಂಧ್ರದ ಗ್ಲುಕೋಸಿಲ್‌ಸೆರಮೈಡಿಗೆ ಎಂದು ತೋರಿಸಿದರು. ಸಸ್ಯದ್ದಕ್ಕಾಗಲಿ ಮನುಷ್ಯನದಕ್ಕಾಗಲಿ ಅದು ಅಂಟುವುದಿಲ್ಲ. ಸಾಕ್ಷಿ ಏನು? ಜೀನ್ ಅಳಿಸಿದ ಅವೇ ಪಿಚಿಯಾ, ಕ್ಯಾಂಡಿಡಾ ಕೋಶಗಳು. ಗ್ಲುಕೋಸಿಲ್‌ಸೆರಮೈಡ್ ಇಲ್ಲದ ಅವುಗಳ ಮೇಲೆ ಮೂಲಂಗಿಯ ಅಸ್ತ್ರ ನಾಟಲಿಲ್ಲ. ಹತ್ತಿಯ ಜೀನನ್ನು ಪರೀಕ್ಷಿಸಲು ಕಟ್ಟಿದ ನಿಂತ ಮಗ್ಗ ಮೂರು ವರ್ಷಗಳ ಬಳಿಕ ಈ ಕೆಲಸಕ್ಕೂ ಬಂತು.

ಊರಿಗೆ ಹೋದಾಗ ನಿಮ್ಮ ತಂದೆಯವರಿಗೆ ಹೀಗೆ ಹೇಳಬಹುದು. ಅಪ್ಪಾ, ನಿಮ್ಮ ಮೈಯ ಕೋಶಕ್ಕೂ ಹತ್ತಿಗಿಡದ ಕೋಶಕ್ಕೂ ಮೇಲುಹೊದಿಕೆ ನೇಯುವಾಗ ಮೊದಲ ಗಂಟು ಹಾಕುವವರು ಒಂದೇ ಮನೆತನದವರು. ದೇಸಿ ಹತ್ತಿಯಿಂದ ಆ ಕೈಯನ್ನು ತೆಗೆದು, ಗಂಟು ಹಾಕಲು ಬಾರದ ಯೀಸ್ಟಿಗೆ ಕೊಟ್ಟು ನೋಡಿದ್ದಾರೆ, ಅದು ಹಾಕಿತು. ಬೆಂಕಿ ರೋಗದ ಬೂಷ್ಟು ಹಾಕುವುದೂ ಅದೇ ಗಂಟು, ಆದರೆ ಅದರ ದಾರದಲ್ಲಿ ಒಂದು ಸಣ್ಣ ಮುಳ್ಳಿದೆ, ಭತ್ತ ಅದನ್ನು ತಡವಿ ನೋಡಿಯೇ ಕಳ್ಳನನ್ನು ಗುರುತಿಸುತ್ತದೆ.